ಸವೆದದ್ದನ್ನು ಕೊಡಲಿಲ್ಲ

ನಲವತ್ತೊಂದು ಇವೆ ನನ್ನ ಗೋಡೆಯ ಮೇಲೆ,
ಪಾಟನ್ನಿನ ಮನೆಯ ಮೂರನೇ ಮಾಳಿಗೆಯಲ್ಲಿ, ಬಿಸಿಲು ಬೀಳದ ಕಡೆ.
ಒಂದೊಂದಕ್ಕೂ ಒಂದು ಚೀಟಿ: ಉದ್ದ, ತೂಕ,
ಹಿಡಿಕೆ ಕೋಣದ ಕೊಂಬೋ ಬೀಟೆಯೋ,
ಬೆನ್ನಿಗೆ ಕುಟ್ಟಿದ ಅಂಕಿ ಯಾವ ಪಲ್ಟನ್ನಿನದೋ.
ತಿಂಗಳಿಗೊಮ್ಮೆ ಸಾಸಿವೆ ಎಣ್ಣೆ ಸವರುತ್ತೇನೆ.
ಹೆಂಡತಿ ಇದ್ದಾಗ ಅನ್ನುತ್ತಿದ್ದಳು,
ಇಷ್ಟು ಎಣ್ಣೆಯಲ್ಲಿ ಓಣಿಗೆಲ್ಲ ಉದ್ದಿನ ವಡೆ ಆಗುತ್ತಿತ್ತು.

ನಲವತ್ತೆರಡನೆಯದಕ್ಕೆಂದು ಭೋಜಪುರದ ಗುಡ್ಡ ಹತ್ತಿದೆ.
ದಾರಿಯಲ್ಲಿ ಗಜಬೀರ್ ಬಿಶ್ವಕರ್ಮನ ಕುಲುಮೆ.
ಲಾರಿಯ ಸ್ಪ್ರಿಂಗಿನ ಪಟ್ಟಿ ಕೆಂಪಗೆ ಕಾದು ಬಾಗಿ
ಖುಕುರಿಯಾಗುವ ಹೊತ್ತು.
ಕೆಟಲಿನ ಮೂತಿಯಿಂದ ಸಣ್ಣ ಧಾರೆ,
ಅಂಚಿಗಷ್ಟೇ, ಅಂಚಿನುದ್ದಕ್ಕೂ.
‘ಬೆನ್ನಿಗೆ ನೀರು ಕುಡಿಸಬಾರದು, ಸಾಹು.
ಅದು ಮೆತ್ತಗಿರಬೇಕು. ಪೆಟ್ಟು ತಿನ್ನುವುದು ಅದೇ.’
ಆಮೇಲೆ ಅದೇ ಕೆಟಲಿನಲ್ಲಿ
ಇಬ್ಬರಿಗೂ ಚಹಾ ಕಾಸಿದ.

ಕರ್ಣಮಾಯಾ ರಾಯ್ ಅಂಗಳದಲ್ಲಿ ಕೂತು
ಹಂದಿಗೆ ಸೀಮೆಬದನೆ ಬಳ್ಳಿ ಕೊಚ್ಚುತ್ತಿದ್ದಳು.
ನಾನು ಅವಳ ಮುಖ ನೋಡಲಿಲ್ಲ, ಕೈ ನೋಡಿದೆ,
ಕೈಯೊಳಗಿನದನ್ನು ನೋಡಿದೆ:
ಹಳೇ ಕಾಲದ ನೀಳ ಅಲಗು,
ಸಾಣೆಗೆ ಸಾಣೆಗೆ ಸವೆದು ಹೊಟ್ಟೆಯೇ ಉಳಿಯದ್ದು,
ಬುಡದ ಕಚ್ಚು ಕೂಡ ಅರ್ಧ ಅರೆದುಹೋದದ್ದು.
ನನ್ನ ಗೋಡೆಯಲ್ಲಿ ಅಂಥದ್ದು ಇರಲಿಲ್ಲ.

‘ಪಲ್ಟನ್ನಿನದಕ್ಕೆ ತಾನೇ ಬಂದದ್ದು?’
ಒಲೆಯ ಮೇಲಿನ ಅಟ್ಟದಿಂದ ಇಳಿಸಿದಳು,
ಮಾವ ಬರ್ಮಾದಿಂದ ತಂದದ್ದು,
ಉಣ್ಣೆಯ ಕಾಲುಚೀಲದಲ್ಲಿ ಮಲಗಿದ್ದು.
ಬಾಣದ ಮುದ್ರೆ. ಇಸವಿ ನಲವತ್ಮೂರು.
ಅಲಗು ದಪ್ಪ, ಇಂದು ಬೆಳಿಗ್ಗೆ ಹುಟ್ಟಿದಂತೆ.
ಕೊಳ್ಳುವವರೆಲ್ಲ ಕೇಳುವುದನ್ನು ನಾನೂ ಕೇಳಿದೆ,
ಕೇಳಿ ನಾಲಿಗೆ ಕಚ್ಚಿಕೊಂಡೆ:
ಇದು ಮನುಷ್ಯರನ್ನು ಕಡಿದಿದೆಯೇ?

‘ಮಾವ ಪಲ್ಟನ್ನಿನ ಅಡುಗೆಯವನು, ಬಾಬು.
ಕಡಿದಿದ್ದರೆ ಈರುಳ್ಳಿ ಕಡಿದಿದ್ದಾನು.
ಯುದ್ಧವೆಲ್ಲ ಅತ್ತಿದ್ದೇ ಅತ್ತಿದ್ದಂತೆ.
ಚೀಟಿಯಲ್ಲಿ ಅದನ್ನು ಬರೆಯಬೇಡ, ಬೆಲೆ ಇಳಿಯುತ್ತದೆ.’

ದುಡ್ಡು ಎಣಿಸಿಕೊಟ್ಟು ನಾನು ಏಳಲಿಲ್ಲ.
ಆ ಸವೆದದ್ದೂ ಬೇಕು ಅಂದೆ.
ಮೂರರಷ್ಟು ಅಂದೆ. ಜೊತೆಗೆ ಗಜಬೀರನ ಹೊಸದೊಂದು.
ಅವಳು ಹಂದಿಗಳ ಕಡೆ ನೋಡಿದಳು.
‘ಸಂಜೆಗೆ ಇವಕ್ಕೆ ಏನು ಹಾಕಲಿ?’
ಗಜಬೀರನ ಹೊಸದು ಕೊಚ್ಚುವುದಿಲ್ಲವೇ ಎಂದರೆ
‘ಕೊಚ್ಚುತ್ತದೆ. ನನ್ನ ಕೈಗೆ ಅದು ಗೊತ್ತಾಗುವಷ್ಟರಲ್ಲಿ
ನಾನು ಇರುವುದಿಲ್ಲ.’

ಆಮೇಲೆ ಅದನ್ನೇ ನನ್ನ ಕೈಗಿಟ್ಟಳು, ಕೊಚ್ಚು ನೋಡುವ ಎಂದು.
ಹಿಡಿಕೆಯಲ್ಲಿ ಒಂದು ತಗ್ಗು,
ನನ್ನ ಹೆಬ್ಬೆರಳು ಅಲ್ಲಿ ಕೂರಲೇ ಇಲ್ಲ,
ಬೇರೆಯವರ ಚಪ್ಪಲಿಗೆ ಕಾಲು ತೂರಿಸಿದ ಹಾಗೆ.
ಬಳ್ಳಿ ಜಜ್ಜಿತು, ತುಂಡಾಗಲಿಲ್ಲ.
ಅವಳು ನಕ್ಕಳು, ಬಾಯಲ್ಲಿದ್ದ ನಾಲ್ಕೂ ಹಲ್ಲು ಕಾಣುವಷ್ಟು:
‘ನಲವತ್ತೊಂದು ಇಟ್ಟುಕೊಂಡು
ಒಂದನ್ನೂ ಹಿಡಿದಿಲ್ಲ ನೀನು!’
ನನ್ನ ಮುಂಗೈ ಹಿಡಿದು ಅಲ್ಲಾಡಿಸಿದಳು.
‘ಸಡಿಲ ಬಿಡು. ಅದರ ಭಾರ ಅದಕ್ಕೆ ಗೊತ್ತು.’

ಒರೆಗೆ ಹಾಕುವಾಗ ಕಂಡೆ,
ಹಿಂದಿನ ಪುಟ್ಟ ಕಿಸೆಯಲ್ಲಿ ಮರಿಚೂರಿಯ ಜಾಗಕ್ಕೆ
ಮುರಿದ ಬಾಚಣಿಗೆಯ ಅರ್ಧ,
ಅದರಲ್ಲಿ ಒಂದು ಬಿಳಿಗೂದಲು.

ನಲವತ್ತೆರಡನೆಯದಕ್ಕೆ ಮೊಳೆ ಹೊಡೆದೆ.
ಚೀಟಿ ಬರೆದೆ: ಬರ್ಮಾ, ಬಾಣದ ಮುದ್ರೆ, ಕೋಣದ ಕೊಂಬು.
‘ಉಪಯೋಗ’ ಎಂಬ ಸಾಲಿನ ಮುಂದೆ
ಪೆನ್ನು ನಿಂತಿತು, ಎಂಟು ದಿನ ನಿಂತೇ ಇತ್ತು.

ದಶೈನ್ ಮುಗಿದ ಮರುದಿನ, ಮನೆಯಲ್ಲಿ ಯಾರೂ ಇಲ್ಲ,
ಅದನ್ನು ಇಳಿಸಿ ಅಡುಗೆಮನೆಗೆ ಒಯ್ದೆ.
ಎಣ್ಣೆ ಒರೆಸಿದೆ. ಒಂದು ಈರುಳ್ಳಿ ಇಟ್ಟೆ.
ಮುಂಗೈ ಸಡಿಲ ಬಿಟ್ಟೆ.
ಕಣ್ಣು ಉರಿದಾಗ ನೆನಪಾದವನು
ನಾನು ಕಂಡೇ ಇಲ್ಲದ ಒಬ್ಬ ಅಡುಗೆಯವ,
ಮಳೆಯ ಕಾಡಿನಲ್ಲಿ ಮುನ್ನೂರು ಹಸಿದವರಿಗೆ
ಹೆಚ್ಚುತ್ತ ಕೂತವನು.

ಚೂರುಗಳು ದಪ್ಪ ದಪ್ಪ ಬಿದ್ದವು.
ಕೈಗೆ ಹದ ಬಂದಿಲ್ಲ ಇನ್ನೂ.
ನಾಳೆಗೆ ಎರಡು ಈರುಳ್ಳಿ ತಂದಿಟ್ಟಿದ್ದೇನೆ.